ಹತ್ತು ನಿಮಿಷದ ಭಾರ

ಫೆಬ್ರವರಿ 10, ಸೋಮವಾರ. ಪರ್ತ್.

ಮತ್ತೆ ಚಿತ್ರಾನ್ನ. ಬೆಳಿಗ್ಗೆ ಆರಕ್ಕೇ ಬಿಸಿಲು ಅಡುಗೆಮನೆಯೊಳಗೆ. ಏಳಕ್ಕೆ ಕೆಲಸಕ್ಕೆ, ವೆಲ್ಷ್‌ಪೂಲ್. ದಾರಿಯಲ್ಲಿ ಬಂಕಿನಲ್ಲಿ, ಇಲ್ಲಿಯವರ ಸರ್ವೋದಲ್ಲಿ, ಪೆಟ್ರೋಲ್, ಜೊತೆಗೊಂದು ಕಾಫಿ. ಕಾಫಿ ಅನ್ನಬಾರದು ಅದನ್ನು.

ವರ್ಕ್‌ಶಾಪಿನಲ್ಲಿ ಎರಡನೇ ವಾರ. ಆರು ತಿಂಗಳಿಗೆಂದು ಕಳಿಸಿದ್ದಾರೆ. ಗಂಡ ವಿನಯ, ಮಗಳು ಕೃತಿ ಬ್ರಿಸ್ಬೇನಿನಲ್ಲಿ, ಸ್ಪ್ರಿಂಗ್‌ಫೀಲ್ಡ್ ಲೇಕ್ಸ್ ಮನೆಯಲ್ಲಿ. ನಾನು ಇಲ್ಲಿ ಕ್ಯಾನಿಂಗ್ಟನ್ನಿನ ಬಾಡಿಗೆ ಯೂನಿಟ್ಟಿನಲ್ಲಿ. ಮಗಳು ಹೈಸ್ಕೂಲಿಗೆ ಸೇರಿದ ವರ್ಷವೇ ಇದಾಗಬೇಕಿತ್ತು. ಅದನ್ನು ಯೋಚಿಸುವುದಿಲ್ಲ ಎಂದು ತೀರ್ಮಾನ.

ಕೆಲಸ ಹಳೆಯದೇ. ಏಜ್ಡ್ ಕೇರ್ ಮನೆಗಳ, ಅಂದರೆ ವೃದ್ಧಾಶ್ರಮಗಳ, ಹಾಯ್ಸ್ಟ್‌ಗಳು — ಎದ್ದು ನಿಲ್ಲಲಾಗದ ಮುದುಕರನ್ನು ಜೋಲಿಯಲ್ಲಿ ಕೂರಿಸಿ ಹಾಸಿಗೆಯಿಂದ ಕುರ್ಚಿಗೆ ಎತ್ತಿ ಇಳಿಸುವ ಯಂತ್ರ. ಬರುತ್ತವೆ, ಬಿಚ್ಚುತ್ತೇವೆ, ರಿಪೇರಿ, ಲೋಡ್ ಟೆಸ್ಟ್, ವಾಪಸ್. ಬ್ರಿಸ್ಬೇನಿನಲ್ಲಿ ವರ್ಷಾನುಗಟ್ಟಲೆ ಇದನ್ನೇ ಮಾಡಿದ್ದೇನೆ.

ಹೊಸದೆಂದರೆ "ಕಲ್ಚರ್". ಕ್ರಿಸ್‌ಮಸ್‌ಗೆ ಮೊದಲು ಕಂಪನಿ ಒಂದು ಸರ್ವೇ ಮಾಡಿಸಿತು. ಮೂರು ಊರಿನ ವರ್ಕ್‌ಶಾಪಿಗೂ ಒಂದೇ ಪ್ರಶ್ನೆಗಳು. ಕಂಪನಿಯ ಮೌಲ್ಯಗಳು ನಿಮ್ಮ ಮೌಲ್ಯಗಳೂ ಹೌದೇ? ಮೇಲಿನವರ ಮೇಲೆ ನಂಬಿಕೆ ಇದೆಯೇ? ಕೆಲಸದಲ್ಲಿ ತೃಪ್ತಿ ಇದೆಯೇ? ಅಡಿಲೇಡ್ ಮೊದಲು. ಬ್ರಿಸ್ಬೇನ್ ನಡುವೆ. ಪರ್ತ್ ತಳದಲ್ಲಿ. ಇಲ್ಲಿದ್ದ ಮ್ಯಾನೇಜರ್ ಬಿಟ್ಟು ಹೋದ. ನಾಗೇಂದ್ರ ಸರ್ ಅಡಿಲೇಡಿನಿಂದ ಫೋನ್ ಮಾಡಿದರು. "ಜಯಾ, ನೀನೇ ಹೋಗ್ಬೇಕಮ್ಮ. ಅಲ್ಲಿ ಯಾರೂ ಯಾರನ್ನೂ ನಂಬಲ್ಲ. ಸ್ವಲ್ಪ ಸರಿ ಮಾಡು."

ಅವರು ಕೇಳಿದ ಮೇಲೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಈ ದೇಶದಲ್ಲಿ ನನಗೆ ಮೊದಲ ಕೆಲಸ ಕೊಟ್ಟವರು. ಆಗ ಅವರೂ ಬ್ರಿಸ್ಬೇನಿನಲ್ಲಿದ್ದರು. ಏರ್‌ಪೋರ್ಟಿಗೆ ಬಂದು ನಮ್ಮನ್ನು ಕರೆದುಕೊಂಡು ಹೋಗಿ, ಬಾಡಿಗೆ ಮನೆ ಸಿಗುವವರೆಗೆ ತಮ್ಮ ಮನೆಯಲ್ಲಿಟ್ಟುಕೊಂಡಿದ್ದರು. ಈಗ ಮೂರು ವರ್ಕ್‌ಶಾಪಿಗೂ ಅವರೇ ಮುಖ್ಯಸ್ಥರು. ಆಫೀಸಿನಲ್ಲಿ ಸರ್, ಮನೆಯಲ್ಲಿ ಅಣ್ಣ.

ಗೋಡೆಯ ಮೇಲೆ ಪೋಸ್ಟರ್. ಕಾಳಜಿ, ಪ್ರಾಮಾಣಿಕತೆ, ಧೈರ್ಯ ಎಂದು ಇಂಗ್ಲಿಷಿನಲ್ಲಿ ಮೂರು ಪದ, ಕೆಳಗೆ ನಗುತ್ತಿರುವ ಅಜ್ಜಿ. ಅಜ್ಜಿಗೆ ಯಾರೋ ಮೀಸೆ ಬರೆದಿದ್ದಾರೆ.

ಫೆಬ್ರವರಿ 13, ಗುರುವಾರ.

ಗ್ಲೆನ್ ಇವತ್ತು ಮಾತಾಡಿದ. ಇಲ್ಲಿನ ಹಳೆಯ ಟೆಕ್ನಿಷಿಯನ್, ಅರವತ್ತರ ಹತ್ತಿರ. ಇಲ್ಲಿಯವರೆಗೆ "ಮಾರ್ನಿಂಗ್" ಬಿಟ್ಟು ಬೇರೆ ಪದ ಅವನ ಬಾಯಿಂದ ಬಂದಿರಲಿಲ್ಲ.

ನೇರವಾಗಿ ಕೇಳಿದೆ, ಇಲ್ಲಿ ಯಾಕೆ ಇಷ್ಟು ಕಡಿಮೆ ಅಂಕ ಎಂದು. ಕೆಂಪು ಟ್ಯಾಗುಗಳ ಡಬ್ಬಿ ತೋರಿಸಿದ. ಮುಚ್ಚಳದ ಮೇಲೆ ಧೂಳು. ಯಾವ ಯಂತ್ರ ಅಪಾಯಕಾರಿ ಅನಿಸಿದರೂ ಟ್ಯಾಗ್ ಕಟ್ಟಿ ನಿಲ್ಲಿಸುವ ಹಕ್ಕು ಇಲ್ಲಿ ಎಲ್ಲರಿಗೂ ಇದೆ. ಹೋದ ವರ್ಷ ಗ್ಲೆನ್ ಒಂದಕ್ಕೆ ಕಟ್ಟಿದ್ದನಂತೆ. ಆ ದಿನ ಮುಗಿಸಿದ ಯಂತ್ರಗಳ ನಂಬರ್ ಕಡಿಮೆ ಬೀಳುತ್ತದೆಂದು ಆಗಿನ ಮ್ಯಾನೇಜರ್ ಕತ್ತರಿ ತಂದು, ಎಲ್ಲರೆದುರೇ ಟ್ಯಾಗ್ ಕತ್ತರಿಸಿ, ಯಂತ್ರವನ್ನು ಲಾರಿಗೆ ಹತ್ತಿಸಿದ. "ಆಮೇಲೆ ಏನಾಯಿತು?" ಎಂದೆ. ಏನೂ ಆಗಲಿಲ್ಲ ಎಂದ. ಅದಾದ ಮೇಲೆ ಯಾರೂ ಟ್ಯಾಗ್ ಕಟ್ಟಿಲ್ಲ. ಯಾಕೆ ಕಟ್ಟಬೇಕು?

ಸ್ಮೋಕೋ ಹೊತ್ತಿಗೆ, ಅಂದರೆ ಟೀ ವಿರಾಮದಲ್ಲಿ ಎಲ್ಲ ಕೂತಾಗ, ಎದ್ದು ಹೇಳಿದೆ. ಇಲ್ಲಿ ಯಾರು ಟ್ಯಾಗ್ ಕಟ್ಟಿದರೂ ನಾನು ಬಿಚ್ಚುವುದಿಲ್ಲ, ಯಾರಿಗೂ ಬಿಚ್ಚಲು ಬಿಡುವುದಿಲ್ಲ. ಒಬ್ಬ ಬಿಸ್ಕೆಟ್ಟಿಗೆ ಕೈ ಚಾಚಿದ. ಭೀಮಪ್ಪ ನೆಲ ನೋಡುತ್ತಿದ್ದ.

ಭೀಮಪ್ಪ ಇಲ್ಲಿನ ಇನ್ನೊಬ್ಬ ಟೆಕ್ನಿಷಿಯನ್, ಗೋಕಾಕಿನವನು. ಕಂಪನಿ ಕೊಟ್ಟ ವೀಸಾದ ಮೇಲೆ ಬಂದವನು. ಕೆಲಸ ಹೋದರೆ ದೇಶ ಬಿಡಬೇಕಾದೀತು. ಹೆಂಡತಿ ಇದ್ದಾಳೆ, ಈ ವರ್ಷ ಶಾಲೆಗೆ ಸೇರಿದ ಮಗಳಿದ್ದಾಳೆ. ಒಳಗೆ ನನ್ನ ಜೊತೆ ಕನ್ನಡ ಆಡುವುದೇ ಇಲ್ಲ. ಪಕ್ಷಪಾತ ಅಂದುಕೊಂಡಾರು ಎಂಬ ಹೆದರಿಕೆ ಇರಬೇಕು. ನನಗೂ ಇದೆ.

ಫೆಬ್ರವರಿ 26, ಬುಧವಾರ.

ಗ್ಲೆನ್ ಟ್ಯಾಗ್ ಕಟ್ಟಿದ. ಒಂದಕ್ಕಲ್ಲ. ಹೊಸದಾಗಿ ಬಂದ ಪೂರ್ತಿ ಲಾಟಿಗೆ. ಎತ್ತುವ ತೋಳಿನ ಕೀಲಿನಲ್ಲಿ "ಕಟ್" ಎಂದು ಶಬ್ದ ಬರುತ್ತದೆ, ನನಗೆ ಇಷ್ಟವಾಗಲಿಲ್ಲ ಎಂದ. ಶುಕ್ರವಾರ ಇವು ನಮ್ಮ ದೊಡ್ಡ ಗಿರಾಕಿಯ ಮನೆಗಳಿಗೆ ಹೋಗಬೇಕು. ಕಾಂಟ್ರ್ಯಾಕ್ಟ್ ನವೀಕರಣವೂ ಹತ್ತಿರದಲ್ಲೇ ಇದೆ.

ನಾಗೇಂದ್ರ ಸರ್ ಫೋನ್, ಮಧ್ಯಾಹ್ನ.

"ಲೋಡ್ ಟೆಸ್ಟ್ ಪಾಸಾಯ್ತಾ?"

"ಆಯ್ತು ಸರ್."

"ಮತ್ತೇನು?"

"ಶಬ್ದ ಬರ್ತಿದೆ ಅಂತಾನೆ."

"ಶಬ್ದ ಎಲ್ಲದ್ರಲ್ಲೂ ಬರತ್ತೆ ಕಣಮ್ಮ. ನನ್ನ ಮೊಣಕಾಲಲ್ಲೂ ಬರತ್ತೆ."

ನಕ್ಕೆ. ನಕ್ಕಿದ್ದನ್ನು ಅವರು ಒಪ್ಪಿಗೆ ಅಂದುಕೊಂಡರು.

ಫೆಬ್ರವರಿ 27, ಗುರುವಾರ.

ಬೆಳಿಗ್ಗೆ ನಾನೇ ಎರಡು ಬಿಚ್ಚಿ ನೋಡಿದೆ. ಏನೂ ಕಾಣಲಿಲ್ಲ. ಗ್ಲೆನ್ ತಪ್ಪು ಅಂತಲೇ ನನಗೆ ಅನಿಸುತ್ತದೆ. ಅನಿಸಿದ್ದನ್ನು ಅವನಿಗೂ ಹೇಳಿದೆ. ಭುಜ ಕುಣಿಸಿದ — ನಿನ್ನ ಇಷ್ಟ ಎಂಬಂತೆ. ಎಲ್ಲರೂ ಕೆಲಸ ಮಾಡುತ್ತಲೇ ನನ್ನನ್ನು ನೋಡುತ್ತಿದ್ದರು.

ಸರ್‌ಗೆ ಫೋನ್ ಮಾಡಿ, ಕಳಿಸುವುದಿಲ್ಲ, ಹೊರಗಿನ ಲ್ಯಾಬಿಗೆ ಕೊಡುತ್ತೇನೆ ಎಂದೆ.

"ನಿನ್ ಮೇಲೆ ನಂಬಿಕೆ ಇಟ್ಟು ಕಳಿಸಿದ್ದು ಜಯಾ."

"ಅದಕ್ಕೇ ಸರ್."

"ಏನು ಅದಕ್ಕೇ?"

ತಾವು ಹೇಳಿದಂತೆ ಮಾಡುತ್ತಾಳೆ ಎಂಬುದು ಅವರ ನಂಬಿಕೆ. ಸರಿ ಕಂಡದ್ದನ್ನು ಮಾಡುತ್ತಾಳೆ ಎಂಬ ನಂಬಿಕೆ ಅಂದುಕೊಂಡು ಬಂದವಳು ನಾನು. ಇಷ್ಟು ವರ್ಷ ಒಂದೇ ಪದ ಬಳಸಿದ್ದೇವೆ.

ಮಾರ್ಚ್ 14, ಶುಕ್ರವಾರ.

ಲ್ಯಾಬ್ ರಿಪೋರ್ಟ್ ಬಂತು. ದೋಷ ಇಲ್ಲ. ಕೀಲಿನೊಳಗಿನ ಪ್ಲಾಸ್ಟಿಕ್ ವಾಷರ್ ಒಣಗಿದೆ, ಒಂದು ಹನಿ ಗ್ರೀಸ್ ಹಾಕಿದರೆ ಶಬ್ದ ನಿಲ್ಲುತ್ತದೆ. ಅಷ್ಟೇ.

ಈ ಅಷ್ಟೇಗೆ ಎರಡು ವಾರ ಹೋಯಿತು. ಗಿರಾಕಿಯವರು ಬೇರೆಯವರಿಂದ ಬಾಡಿಗೆಗೆ ತಂದುಕೊಂಡರು. ನಮ್ಮ ನಂಬರ್ ಕೆಂಪು ಬಣ್ಣದಲ್ಲಿ. ನಾಗೇಂದ್ರ ಸರ್ ಮೇಲ್ ಕಳಿಸಿದ್ದಾರೆ, ಇನ್ನಿಬ್ಬರಿಗೆ ಕಾಪಿ ಹಾಕಿ. ಕೊನೆಯಲ್ಲಿ "ರಿಗಾರ್ಡ್ಸ್". ಅವರು ನನಗೆ ಹಾಗೆ ಬರೆದದ್ದು ಇದೇ ಮೊದಲು.

ಗ್ಲೆನ್ ಬಂದು ಬಾಗಿಲಲ್ಲಿ ನಿಂತ. ಸಾರಿ ಎಂದ. ಮುಂದಿನ ಸಲ ಅನುಮಾನ ಬಂದರೆ ಮತ್ತೆ ಕಟ್ಟು ಎಂದೆ. ತಮಾಷೆ ಮಾಡುತ್ತಿದ್ದೇನೋ ಎಂದು ಮುಖ ನೋಡಿದ. ಆಮೇಲೆ ಹೋಗಿ ನನಗೊಂದು ಟೀ ಮಾಡಿ ತಂದ. ಬರೀ ಹಾಲು. ಕುಡಿದೆ.

ಸಂಜೆಯಿಂದ ಮನಸ್ಸು ಸರಿಯಿಲ್ಲ. ಸರಿ ಮಾಡಿದೆ ಎಂದು ತೋರಿಸಲು ಕೈಯಲ್ಲಿ ಏನೂ ಇಲ್ಲ.

ಮಾರ್ಚ್ 30, ಭಾನುವಾರ. ಅಡಿಲೇಡ್.

ಯುಗಾದಿ. ಶುಕ್ರವಾರ ಮ್ಯಾನೇಜರುಗಳ ಮೀಟಿಂಗ್ ಇತ್ತು. ರುಕ್ಮಿಣಿ ಅಕ್ಕ, ಅಂದರೆ ನಾಗೇಂದ್ರ ಸರ್ ಹೆಂಡತಿ, ಹಬ್ಬ ಮುಗಿಸಿಕೊಂಡೇ ಹೋಗಬೇಕು ಎಂದು ಹಿಡಿದು ನಿಲ್ಲಿಸಿದರು. ಮನೆಯಲ್ಲಿ ಸರ್ ಅಣ್ಣನೇ. ಮೇಲ್ ವಿಷಯ ಎತ್ತಲಿಲ್ಲ. ಅಕ್ಕ ಇಂಡಿಯನ್ ಅಂಗಡಿಯ ಒಣ ಬೇವಿನ ಹೂವಿಗೆ ಬೆಲ್ಲ ಕಲಸಿ ಕೈಗೆ ಹಾಕಿದರು. ಒಬ್ಬಟ್ಟು, ಮಾವಿನಕಾಯಿ ಚಿತ್ರಾನ್ನ, ಕೋಸಂಬರಿ. ಊಟವಾದ ಮೇಲೆ ಹಿತ್ತಿಲಲ್ಲಿ ಕೂತು ಮಾತು.

"ನಮ್ಮ ಅಡಿಲೇಡ್ ನೋಡು. ನಂಬಿಕೆ ನೂರಕ್ಕೆ ತೊಂಬತ್ತಾರು. ಕೆಲಸ ನಿಮ್ಮ ಎರಡರಷ್ಟು. ಖುಷಿಯಾಗಿದ್ದವರು ಚೆನ್ನಾಗಿ ಕೆಲಸ ಮಾಡ್ತಾರೆ ಜಯಾ. ಎಲ್ಲಾ ಒಟ್ಟಿಗೇ ಬರತ್ತೆ."

"ಹೌದು ಅಣ್ಣ."

"ನೀನು ಅಲ್ಲಿಯವರ ಹತ್ರ ಒಳ್ಳೆಯವಳಾಗೋಕೆ ನೋಡ್ತಿದೀಯ. ಅದು ಬೇರೆ. ನಾವು ನಾವೇ ಕೈ ಬಿಟ್ರೆ ಹೇಗೆ? ಒಂದೇ ಊರು, ಒಂದೇ ಥರ ಬೆಳೆದವರು. ನಮ್ಮ ಮೌಲ್ಯ ಒಂದೇ ಅಲ್ವಾ?"

ಅಲ್ಲ ಎನ್ನಲು ಕಾರಣ ಸಿಗಲಿಲ್ಲ. ಕೆಟ್ಟವರಲ್ಲ ಇವರು. ಕಳೆದ ವರ್ಷ ನನ್ನಮ್ಮ ತೀರಿಹೋದಾಗ, ಟಿಕೆಟ್ ಮಾಡಿ, ಬ್ರಿಸ್ಬೇನಿಗೇ ಬಂದು, ಏರ್‌ಪೋರ್ಟಿನಲ್ಲಿ ನಾನು ಒಳಗೆ ಹೋಗುವವರೆಗೆ ಪಕ್ಕ ಕೂತಿದ್ದವರು.

ಡಬ್ಬಿ ತುಂಬ ಒಬ್ಬಟ್ಟು ಕಟ್ಟಿಕೊಟ್ಟಿದ್ದಾರೆ. ಸಂಜೆಯ ವಿಮಾನ.

ಏಪ್ರಿಲ್ 8, ಮಂಗಳವಾರ. ಪರ್ತ್. ಮಧ್ಯಾಹ್ನ ಎರಡೂವರೆ.

ಊಟದ ಹೊತ್ತಿಗೆ ಭೀಮಪ್ಪ ಹೊರಗೆ ಕರೆದ. ನನ್ನ ಕಾರಿನ ನೆರಳಿನಲ್ಲಿ ನಿಂತೆವು.

"ಅಕ್ಕಾರ, ಒಂದ್ ಮಾತು ಹೇಳೋದಿತ್ರಿ."

ಇಷ್ಟು ದಿನ ಮೇಡಂ ಅನ್ನುತ್ತಿದ್ದವನು.

"ಹೇಳಿ ಭೀಮಪ್ಪ."

"ಹೋದ ವಾರ ಕಳಿಸಿದ್ವಲ್ರಿ ಹಾಯ್ಸ್ಟ್... ಅದ್ರಾಗ ಕೆಲವಕ್ಕ ನಾ ಲೋಡ್ ಟೆಸ್ಟ್ ಮಾಡಿಲ್ರಿ. ಮಾಡೀನಿ ಅಂತ ಸಹಿ ಹಾಕೀನಿ."

ಮೊದಲು ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿಸಿದೆ. ಲೋಡ್ ಟೆಸ್ಟ್ ಎಂದರೆ ಭಾರ ತೂಗುಹಾಕಿ ಹತ್ತು ನಿಮಿಷ ಪಕ್ಕದಲ್ಲೇ ನಿಲ್ಲುವುದು. ತೋಳು ಕೆಳಗಿಳಿಯುತ್ತದೆಯೇ ನೋಡುವುದು. ಬೇರೆ ಕೆಲಸ ಮಾಡುವಂತಿಲ್ಲ. ಸುಮ್ಮನೆ ನಿಲ್ಲುವ ಆ ಹತ್ತು ನಿಮಿಷವೇ ಇಡೀ ರಿಪೇರಿಯಲ್ಲಿ ಮುಖ್ಯ.

"ಯಾಕೆ ಭೀಮಪ್ಪ?"

"ನಂಬರ್ ಕಮ್ಮಿ ಬೀಳ್ತಿತ್ರಿ. ನಂದು ಪಿ.ಆರ್. ಫೈಲ್, ಕಾಯಂ ವೀಸಾದ್ದು, ಕಂಪನಿಯಿಂದ ಹೋಗೋದೈತಿ ಈ ವರ್ಷ. ಅಡಿಲೇಡಿನವ್ರ ನಂಬರ್ ಬೋರ್ಡ್ ಮ್ಯಾಲ ಹಾಕ್ತಾರಲ್ರಿ ದಿನಾ... ಅವ್ರಿಗೆ ಹೆಂಗ್ ಆಗ್ತೈತಿ, ನನಗ್ಯಾಕ ಆಗವಲ್ದು ಅಂತ."

"ಈಗ ಯಾಕೆ ಹೇಳ್ತಿದೀರಿ?"

"ಭಾನುವಾರ ಪಾರ್ಕಿನ್ಯಾಗ ಮಗಳನ್ನ ಜೋಕಾಲಿ ಮ್ಯಾಲ ಕುಂದ್ರಿಸಿದ್ನಿ. ಸರಪಳಿ ಎಳದು ನೋಡಿ ಕುಂದ್ರಿಸಿದ್ನಿ. ಆಮ್ಯಾಲ ಆ ಮುದುಕೀರ ನೆಪ್ಪಾತ್ರಿ." ಮತ್ತೆ ಅವನೇ: "ಗ್ಲೆನ್ ತಪ್ಪು ಮಾಡಿದ್ರೂ ನೀವು ಅವನ್ನ ಬಿಟ್ಟ್ ಕೊಡ್ಲಿಲ್ಲ. ಅದನ್ನ ನೋಡೀನಿ. ಇಲ್ಲಂದ್ರ ಹೇಳ್ತಿದ್ನೋ ಇಲ್ಲೋ... ಖರೇ ಹೇಳ್ತೀನಿ, ಗೊತ್ತಿಲ್ರಿ."

ಸಿಟ್ಟು ಬಂತು. ಬೈದೆ ಕೂಡ. ವೀಸಾ ಏನಾಗುತ್ತದೆ ಗೊತ್ತಾ ಎಂದೆ. "ಗೊತ್ತೈತ್ರಿ" ಎಂದ. ಅವನ ಕೈಯಲ್ಲಿ ಊಟದ ಡಬ್ಬಿ ಹಾಗೇ ಇತ್ತು, ಬಿಚ್ಚಿರಲಿಲ್ಲ.

ಯಾವ ಯಾವ ಯಂತ್ರ ಎಂಬುದು ಅವನಿಗೆ ಸರಿಯಾಗಿ ನೆನಪಿಲ್ಲ. ಹಾಗಾಗಿ ಆ ವಾರ ಹೋದವೆಲ್ಲ ವಾಪಸ್ ಬರಬೇಕು.

ಒಳಗೆ ಬಂದು ಮೊದಲು ಗಿರಾಕಿಗೆ ಫೋನ್ ಮಾಡಿದೆ. ಆ ಮನೆಗಳನ್ನು ನೋಡಿಕೊಳ್ಳುವ ಹೆಂಗಸು. ಈ ಕ್ಷಣದಿಂದ ಅವನ್ನು ಬಳಸಬೇಡಿ, ಟೆಸ್ಟ್ ಆಗಿಲ್ಲ, ನಾವೇ ಬರುತ್ತೇವೆ. ಆ ಕಡೆಯಿಂದ ಇಲ್ಲಿ ಬರೆಯಬಾರದ ಒಂದು ಪದ. ಆಮೇಲೆ — ಎಷ್ಟು ಹೊತ್ತಿಗೆ ಬರುತ್ತೀರಿ?

ಅದಾದ ಮೇಲೆ ನಾಗೇಂದ್ರ ಸರ್. ಎತ್ತಲಿಲ್ಲ. ಮೆಸೇಜ್ ಬಿಟ್ಟೆ. ಸರದಿ ಉಲ್ಟಾ ಮಾಡಿದ್ದು ಗೊತ್ತಿದ್ದೇ. ಅವರಿಗೆ ಮೊದಲು ಹೇಳಿದ್ದರೆ "ತಾಳು" ಎನ್ನುತ್ತಿದ್ದರು. ನಾನು ತಾಳಿಬಿಡುತ್ತಿದ್ದೆ.

ಏಪ್ರಿಲ್ 9, ಬುಧವಾರ.

ಎರಡು ವ್ಯಾನ್. ಗ್ಲೆನ್‌ಗೆ ರಜೆ ಇತ್ತು, ಆದರೂ ಬಂದ. ಭೀಮಪ್ಪನಿಗೆ ಯಾರೂ ಏನೂ ಅನ್ನಲಿಲ್ಲ, ಯಾರೂ ಅವನ ಪಕ್ಕ ಕೂರಲೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಎಲ್ಲ ವಾಪಸ್ ತಂದು ಒಂದೊಂದಾಗಿ ಭಾರ ತೂಗಿದೆವು.

ಎಲ್ಲ ನಿಂತವು. ಒಂದು ಬಿಟ್ಟು.

ಅದು ಬೀಳಲಿಲ್ಲ. ಇಳಿಯಿತು. ನೋಡುತ್ತಿದ್ದರೆ ಇಳಿಯುವುದು ಕಾಣುವುದಿಲ್ಲ. ಆ ಕಡೆ ಈ ಕಡೆ ನೋಡಿ ಮತ್ತೆ ನೋಡಿದರೆ ಕೆಳಗಿದೆ. ಹತ್ತು ನಿಮಿಷ ತುಂಬುವ ಮೊದಲೇ ಒಂದು ಗೇಣು. ಗ್ಲೆನ್ ಸ್ಟೂಲ್ ಎಳೆದು ಕೂತ. ನಿನ್ನೆ ಬೆಳಿಗ್ಗೆ ಅದರಲ್ಲಿ ಒಬ್ಬ ಅಜ್ಜಿಯನ್ನು ಸ್ನಾನಕ್ಕೆ ಎತ್ತಿದ್ದರು ಎಂದು ಆ ಏಜ್ಡ್ ಕೇರ್ ಮನೆಯ ಹುಡುಗಿ ಹೇಳಿದ್ದಳು. ತೊಂಬತ್ತು ದಾಟಿದವರು. ಏನೂ ಆಗಿಲ್ಲ.

ಭೀಮಪ್ಪ ತಾನೇ ಹೋಗಿ ಕೆಂಪು ಟ್ಯಾಗ್ ತಂದು ಕಟ್ಟಿದ. ಗಂಟು ಹಾಕಲು ಬಹಳ ಹೊತ್ತು ಹಿಡಿಯಿತು. ಗ್ಲೆನ್ ಎದ್ದು ಹೋಗಿ ದಾರದ ಇನ್ನೊಂದು ತುದಿ ಹಿಡಿದುಕೊಂಡ.

ಏಪ್ರಿಲ್ 10, ಗುರುವಾರ.

ಸರ್ ಫೋನ್.

"ಯಾರು?"

"ಭೀಮಪ್ಪ."

"ತೆಗಿ ಅವನ್ನ."

"ಇಲ್ಲ ಸರ್."

"ಸುಳ್ಳು ಸಹಿ ಹಾಕಿದಾನೆ ಜಯಾ. ಪ್ರಾಮಾಣಿಕತೆ ಅಂತ ಗೋಡೆ ಮೇಲೆ ಬರ್ಕೊಂಡಿದೀವಿ."

"ಅವನೇ ಬಂದು ಹೇಳಿದ್ದು. ನಾವು ಹಿಡಿದದ್ದಲ್ಲ."

"ಅದಕ್ಕೆ ಶಾಲು ಹೊದಿಸ್ಬೇಕಾ?"

"ಶಿಕ್ಷೆ ಕೊಡಿ. ಕೆಲಸದಿಂದ ತೆಗೀಬೇಡಿ. ಅವನನ್ನ ತೆಗೆದ್ರೆ ಮುಂದಿನ ಸಲ ಇಲ್ಲಿ ಯಾರೂ ಬಾಯಿ ಬಿಡಲ್ಲ. ಯಂತ್ರ ಮಾತ್ರ ಇಳೀತಿರತ್ತೆ."

"ನೀನು ಮೊದಲು ನನಗೆ ಹೇಳ್ಬೇಕಿತ್ತು. ಕ್ಲೈಂಟ್‌ಗಲ್ಲ."

"ಹೇಳಿದ್ರೆ ಏನ್ ಮಾಡ್ತಿದ್ರಿ ಅಣ್ಣ?"

"ಆಫೀಸ್ ಟೈಮಲ್ಲಿ ಸರ್ ಅನ್ನು."

ಇಟ್ಟುಬಿಟ್ಟರು.

ಏಪ್ರಿಲ್ 19, ಶನಿವಾರ. ಸ್ಪ್ರಿಂಗ್‌ಫೀಲ್ಡ್ ಲೇಕ್ಸ್.

ಈಸ್ಟರ್ ರಜೆ. ಕೃತಿ ನನ್ನ ಕಿವಿಯವರೆಗೆ ಬಂದಿದ್ದಾಳೆ. ವಿನಯ ಸಾರು ಮಾಡುವುದು ಕಲಿತಿದ್ದಾನೆ. ಉಪ್ಪು ಜಾಸ್ತಿ, ಹೇಳಲಿಲ್ಲ.

ಬೆಳಿಗ್ಗೆ ಇಂಡೂರೂಪಿಲ್ಲಿ ಮಾಲಿಗೆ, ಅವಳ ಶೂ ತರಲು. ಫುಡ್ ಕೋರ್ಟಿನಲ್ಲಿ ಕೂತು ಭೀಮಪ್ಪನ ಕತೆ ಹೇಳಿದೆ. ಚಿಪ್ಸ್ ತಿನ್ನುತ್ತ ಕೇಳಿದಳು.

"ಸೋ ಯು ಡಾಬ್ಡ್ ಹಿಮ್ ಇನ್?"

ಚಾಡಿ ಹೇಳಿದೆಯಾ ಎಂದು. ಇಲ್ಲಿನ ಮಕ್ಕಳಿಗೆ ಅದಕ್ಕಿಂತ ದೊಡ್ಡ ಪಾಪವಿಲ್ಲ. ಗ್ಲೆನ್‌ಗೂ ಅಷ್ಟೇ.

"ಇಲ್ಲ ಕಣೇ. ಅವರೇ ಬಂದು ಹೇಳಿದ್ದು."

"ನೋ, ಟು ಯುವರ್ ಬಾಸ್. ಯು ಗೇವ್ ಹಿಸ್ ನೇಮ್."

ಹೌದು, "ಯಾರು" ಎಂದು ಕೇಳಿದಾಗ ಒಂದು ಕ್ಷಣವೂ ತಡೆಯದೆ ಹೇಳಿದೆ. ಹೇಳಲೇಬೇಕಿತ್ತು — ಸಹಿ ಯಾರದೆಂದು ಹೇಗೂ ಗೊತ್ತಾಗುತ್ತಿತ್ತು. ಆದರೂ ಹೇಳುತ್ತೇನೆ ಎಂದು ಭೀಮಪ್ಪನಿಗೆ ಮೊದಲೇ ತಿಳಿಸಬಹುದಿತ್ತು. ಕೃತಿಗೆ ಹಾಗೆಂದೆ. "ಯಾ," ಎಂದಳು, "ಯು ಶುಡ್ ಟೆಲ್ ಹಿಮ್." ನನ್ನ ಚಿಪ್ಸನ್ನೂ ತಿಂದಳು.

ಸಂಜೆ ಕೆರೆ ಸುತ್ತ ನಡೆಯುವಾಗ ವಿನಯ: "ನಾಗೇಂದ್ರಣ್ಣನ ಜೊತೆ ಹೀಗಾಗ್ಬಾರ್ದಿತ್ತು ಕಣೆ. ಅವರಿಲ್ಲದಿದ್ರೆ ನಾವಿಲ್ಲಿ ಇರ್ತಿದ್ವಾ?"

"ಗೊತ್ತು."

"ಸಾರಿ ಕೇಳ್ಬಿಡು."

"ಯಾವುದಕ್ಕೆ?"

ಯೋಚಿಸಿದ. ಕೇಳಿದ್ದಕ್ಕೆ ಯೋಚಿಸಿಯೇ ಉತ್ತರ ಕೊಡುವವನು. "ಅವರ ಮೇಲೆ ನೀನೂ ನಂಬಿಕೆ ಇಡ್ಲಿಲ್ವಲ್ಲ. ಹೇಳಿದ್ರೆ ತಾಳು ಅಂತಾರೆ ಅಂತ ನೀನೇ ತೀರ್ಮಾನ ಮಾಡ್ಬಿಟ್ಟೆ. ಅದಕ್ಕೆ."

ಅದಕ್ಕೆ ಕೇಳಬಹುದು.

ಏಪ್ರಿಲ್ 29, ಮಂಗಳವಾರ. ಪರ್ತ್.

ಭೀಮಪ್ಪನಿಗೆ ಹೇಳಿದೆ, ಹೆಸರು ಕೊಟ್ಟದ್ದು ನಾನೇ ಎಂದು. "ಮತ್ಯಾರು ಕೊಡ್ತಾರ್ರಿ?" ಎಂದು ನಕ್ಕ. ಮೊದಲ ಸಲ ಅವನ ಹಲ್ಲು ನೋಡಿದ್ದು.

ಸರ್ವೇ ಎರಡನೇ ಸುತ್ತು ಬಂತು. ಪರ್ತ್: ನಂಬಿಕೆ ಮೇಲೆ ಹೋಗಿದೆ. ತೃಪ್ತಿ ಸ್ವಲ್ಪ ಇಳಿದಿದೆ. ಆಗಲೇಬೇಕು, ಎಲ್ಲರಿಗೂ ಕೆಲಸ ಜಾಸ್ತಿಯಾಗಿದೆ. ಮುಗಿಸಿದ ಕೆಲಸದ ನಂಬರ್ ಮೂರು ಊರಲ್ಲಿ ನಮ್ಮದೇ ಕಡಿಮೆ. ಅಂದು ಎಲ್ಲ ವಾಪಸ್ ತಂದ ಮೇಲೆ, ರಿಪೇರಿ ಸರಿಯಾಗದೆ ಬಂದವು ಒಂದೂ ಇಲ್ಲ. ಆದರೆ ಅದಕ್ಕೆ ಬೋರ್ಡಿನಲ್ಲಿ ಜಾಗ ಇಲ್ಲ. ಎಲ್ಲಾ ಒಟ್ಟಿಗೇ ಬರತ್ತೆ ಎಂದಿದ್ದರು ಅಣ್ಣ. ಬಂದಿಲ್ಲ.

ಅಡಿಲೇಡ್ ಮತ್ತೆ ತೊಂಬತ್ತಾರು.

ಭೀಮಪ್ಪ ಅಂದು ಕೇಳಿದ್ದು ತಲೆಯಲ್ಲೇ ಕೂತಿದೆ: ಅವರಿಗೆ ಹೇಗೆ ಆಗುತ್ತದೆ? ಅಡಿಲೇಡಿನಲ್ಲೂ ಭಾರ ತೂಗುವ ಜಾಗ ಎರಡೇ. ಪ್ರತಿಯೊಂದಕ್ಕೂ ಹತ್ತು ನಿಮಿಷ ಕೊಟ್ಟರೆ ಅವರು ಬರೆಯುವ ನಂಬರ್ ಒಂದು ದಿನದಲ್ಲಿ ಹಿಡಿಸುವುದೇ ಇಲ್ಲ. ಲೆಕ್ಕ ಸುಲಭ. ನಾನೇ ಯಾಕೆ ಇಷ್ಟು ದಿನ ಮಾಡಿರಲಿಲ್ಲ? ತೊಂಬತ್ತಾರರ ಬಗ್ಗೆಯೂ ಈಗ ಬೇರೆ ಅನಿಸುತ್ತದೆ. ಇಲ್ಲಿನವರು ನಂಬಿಕೆ ಇಲ್ಲ ಎಂದು ಬರೆದರು, ಬರೆಯುವಷ್ಟಾದರೂ ಧೈರ್ಯ ಇತ್ತು. ಹೆದರಿದವರು ಐದಕ್ಕೆ ಐದು ಕೊಟ್ಟು ಮನೆಗೆ ಹೋಗುತ್ತಾರೆ.

ಅಣ್ಣನಿಗೆ ಬರೆದೆ. ಯಾರಿಗೂ ಕಾಪಿ ಇಲ್ಲ, ಕನ್ನಡದಲ್ಲಿ. ಮೊದಲು ನಿಮಗೆ ಹೇಳದೆ ಹೋದದ್ದಕ್ಕೆ ಕ್ಷಮೆ ಇರಲಿ. ಆಮೇಲೆ ಭೀಮಪ್ಪನ ಆ ಒಂದು ಪ್ರಶ್ನೆ.

ಮೇ 7, ಬುಧವಾರ.

ಉತ್ತರ ಇಲ್ಲ.

ಭೀಮಪ್ಪನ ತೀರ್ಮಾನ ಬಂತು. ಲಿಖಿತ ಎಚ್ಚರಿಕೆ. ಮೂರು ತಿಂಗಳು ಅವನ ಟೆಸ್ಟ್‌ಗೆ ಇನ್ನೊಬ್ಬರು ನಿಲ್ಲಬೇಕು. ಪಿ.ಆರ್. ಶಿಫಾರಸು ಒಂದು ವರ್ಷ ಮುಂದಕ್ಕೆ. ಕೆಲಸ ಉಳಿದಿದೆ. ಕೆಳಗೆ ನಾಗೇಂದ್ರ ಸರ್ ಸಹಿ. ತೆಗೆಯಬಹುದಿತ್ತು, ತೆಗೆದಿಲ್ಲ. ಯಾಕೆಂದು ಗೊತ್ತಿಲ್ಲ.

"ನಡೀತೈತ್ರಿ," ಎಂದ ಭೀಮಪ್ಪ. ಹೆಂಡತಿ ಅತ್ತಳಂತೆ. ಊರಿಂದ ಬಂದಿದ್ದ ಕರದಂಟು ತಂದು ಸ್ಮೋಕೋ ಟೇಬಲ್ ಮೇಲಿಟ್ಟ. ಗ್ಲೆನ್ ಜಗಿದ, ಜಗಿದ, ಮಾತಾಡಲು ಆಗದೆ ಹೆಬ್ಬೆರಳು ಎತ್ತಿದ.

ಗಿರಾಕಿಯವರು ಅರ್ಧ ಮನೆಗಳನ್ನು ಬೇರೆ ಕಂಪನಿಗೆ ಕೊಟ್ಟಿದ್ದಾರೆ. ಇನ್ನರ್ಧ ನಮ್ಮಲ್ಲೇ. ಆ ಹೆಂಗಸು ಫೋನಿನಲ್ಲಿ: ಉಳಿಸಿಕೊಂಡದ್ದು ನೀವು ಫೋನ್ ಮಾಡಿದ್ದಕ್ಕೆ, ಕೊಟ್ಟದ್ದು ನೀವು ಫೋನ್ ಮಾಡಬೇಕಾಗಿ ಬಂದದ್ದಕ್ಕೆ. ನ್ಯಾಯವೇ.

ಮೇ 20, ಮಂಗಳವಾರ.

ಬೆಳಿಗ್ಗೆ ರುಕ್ಮಿಣಿ ಅಕ್ಕ ಫೋನ್. "ಜಯಾ, ನಿಮ್ಮಣ್ಣ ಒಂದು ವಾರದಿಂದ ಆಫೀಸ್ ರೂಮಿಗೇ ಹೋಗ್ತಿಲ್ವಂತೆ. ದಿನಾ ವರ್ಕ್‌ಶಾಪಲ್ಲೇ ನಿಂತಿರ್ತಾರಂತೆ. ಮನೇಲಿ ಮಾತಿಲ್ಲ. ಏನಾಗಿದೆ?"

ಮಧ್ಯಾಹ್ನ ಅವರದೇ ಫೋನ್. ಹಲೋ ಕೂಡ ಇಲ್ಲ.

"ನಾನೇ ಗಡಿಯಾರ ಹಿಡ್ಕೊಂಡು ನಿಂತಿದ್ದೆ. ನಾನು ನಿಂತಿದ್ರೆ ಎಲ್ಲಾ ಹತ್ತು ನಿಮಿಷ ಮಾಡ್ತಾರೆ. ನಂಬರ್ ಅರ್ಧ ಆಯ್ತು ಜಯಾ."

ಅವರೇ ಮುಂದುವರಿಸಿದರು.

"ಹಾಗಾದ್ರೆ ಮೊದಲು ಏನ್ಮಾಡ್ತಿದ್ರಿ ಅಂತ ಕೇಳಿದೆ. ಒಬ್ಬರೂ ಬಾಯಿ ಬಿಡಲ್ಲ. ಎಲ್ಲಾ ಸರಿಯಾಗಿತ್ತು ಅಂತಾರೆ. ಟ್ರೇಸಿ ಕೂಡ." ಟ್ರೇಸಿ ಅಲ್ಲಿನ ಸೂಪರ್ವೈಸರ್, ಅವರೇ ಬೆಳೆಸಿದವಳು. "ನನ್ನ ಮುಖ ನೋಡ್ಕೊಂಡೇ ಹೇಳ್ತಾಳೆ. ತೊಂಬತ್ತಾರು ಅಂತೆ."

"ನಾನೇನು ಮಾಡಲಿ?"

"ಬಾ. ಗುರುವಾರ. ಭೀಮಪ್ಪ ಬರ್ತಾನಾ ಕೇಳು. ಬಲವಂತ ಇಲ್ಲ."

"ಆಯ್ತು ಸರ್."

"ಅಣ್ಣ ಅನ್ನು ಪರವಾಗಿಲ್ಲ," ಎಂದರು.

ಭೀಮಪ್ಪನಿಗೆ ಹೇಳಿದೆ, ಬೇಡ ಅನಿಸಿದರೆ ಬೇಡ ಎಂದೂ ಹೇಳಿದೆ. ಅಲ್ಲಿ ಮಂದಿ ಮುಂದೆ ನಿಂತು ನಾನು ಕಳ್ಳ ಅನ್ನಬೇಕೇನ್ರಿ ಎಂದ. ಹೌದು ಎಂದೆ. ಕೈ ಒರೆಸಿಕೊಳ್ಳುತ್ತ ಯೋಚಿಸಿದ. "ಥಂಡಿ ಐತೇನ್ರಿ ಅಲ್ಲಿ?"

ಮೇ 22, ಗುರುವಾರ. ಅಡಿಲೇಡ್. ಬೆಳಿಗ್ಗೆ ಹತ್ತು ಮುಕ್ಕಾಲು.

ವರ್ಕ್‌ಶಾಪಿನ ಹೊರಗೆ, ಕಾರ್ ಪಾರ್ಕಿನ ಕಟ್ಟೆಯ ಮೇಲೆ. ಗಾಳಿ. ಉಸಿರಾಡಲು ಬಂದೆ, ಮರೆಯುವ ಮೊದಲು ಬರೆಯುತ್ತೇನೆ.

ಕ್ಯಾಂಟೀನಿನಲ್ಲಿ ಎಲ್ಲರೂ. ಅಣ್ಣ ನಿಂತು, ಹೊರಗೆ ಹೋಗಿರುವ ಹಾಯ್ಸ್ಟ್‌ಗಳನ್ನೆಲ್ಲ ಮತ್ತೆ ಟೆಸ್ಟ್ ಮಾಡಲಿದ್ದೇವೆ, ಬ್ರಿಸ್ಬೇನಿನಲ್ಲೂ, ಯಾವುದರಿಂದ ಶುರು ಮಾಡಬೇಕೆಂದು ನೀವು ಹೇಳಿದರೆ ಬೇಗ ಆಗುತ್ತದೆ ಎಂದರು. ಹೇಳಿದವರ ಕೆಲಸ ಹೋಗುವುದಿಲ್ಲ ಎಂದರು. ಟ್ರೇಸಿ ಕೈಕಟ್ಟಿ ಕೂತಿದ್ದಳು.

ಭೀಮಪ್ಪ ಎದ್ದ. ಅವನ ಇಂಗ್ಲಿಷಿನಲ್ಲಿ, ತಡೆತಡೆದು: ಟೆಸ್ಟ್ ಮಾಡದೆ ಸಹಿ ಹಾಕಿದೆ. ಒಂದು ಯಂತ್ರ ಇಳಿಯಿತು. ಅದರಲ್ಲಿ ಒಬ್ಬ ಅಜ್ಜಿ ಕೂತಿದ್ದರು. ನನಗೆ ಈಗಲೂ ಕೆಲಸ ಇದೆ. ಕೂತ.

ಟ್ರೇಸಿಯ ಕೈ ಕಟ್ಟಿದಂತೆಯೇ ಇತ್ತು. ನಾನು ಏನಾದರೂ ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅಣ್ಣ ಕುರ್ಚಿ ಎಳೆದುಕೊಂಡು ಎಲ್ಲರ ನಡುವೆ ಕೂತರು.

ಬೋರ್ಡಿನ ಮೇಲೆ ನಂಬರ್ ಬರೆದವನು ನಾನು ಎಂದರು. ಅಷ್ಟು ಕೆಲಸಕ್ಕೆ ನಿಮಗೆ ಹೊತ್ತು ಎಲ್ಲಿಂದ ಸಿಗುತ್ತಿದೆ ಎಂದು ಒಂದು ದಿನವೂ ಕೇಳಲಿಲ್ಲ. ಕೇಳಿದರೆ ಉತ್ತರ ಸಿಗುತ್ತಿತ್ತು. ಅದಕ್ಕೇ ಕೇಳಲಿಲ್ಲ. ಇದು ನನ್ನಿಂದ ಶುರುವಾದದ್ದು, ನನ್ನ ಮೇಲಿನವರಿಗೂ ಹಾಗೇ ಬರೆದು ಕಳಿಸಿದ್ದೇನೆ.

ಅವರ ದನಿ ಅಷ್ಟು ಸಣ್ಣಗಾದದ್ದು ನಾನು ಕೇಳಿಲ್ಲ. ಕೆಲಸ ಹೋಗಬಹುದಾದದ್ದು ಅವರದೇ ಎಂದು ಅಲ್ಲಿದ್ದ ಎಲ್ಲರಿಗೂ ಅರ್ಥವಾಯಿತು.

ಟ್ರೇಸಿ ಕಟ್ಟಿದ್ದ ಕೈ ಬಿಟ್ಟಳು. ಆಗಸ್ಟಿನಿಂದ, ಎಂದಳು. ಅಣ್ಣನನ್ನು ನೋಡಲಿಲ್ಲ, ಭೀಮಪ್ಪನನ್ನು ನೋಡಿ ಹೇಳಿದಳು. ಹೋದ ಆಗಸ್ಟಿನಿಂದ ದೊಡ್ಡ ಯಂತ್ರಗಳಿಗೆ ಮಾತ್ರ ಟೆಸ್ಟ್ ಮಾಡುತ್ತಿದ್ದೆವು. ಅವಳ ಪಕ್ಕದವನು ಅಳುತ್ತಿದ್ದ, ದೊಡ್ಡ ಆಳು. ಎರಡು ಮನೆಗಳ ಹೆಸರು ಹೇಳಿದ, ಅಲ್ಲಿಗೆ ಇವತ್ತೇ ಹೋಗಬೇಕು ಎಂದ. ಅಣ್ಣ ಪೆನ್ನಿಗಾಗಿ ಜೇಬು ತಡಕುತ್ತಿದ್ದರು, ಸಿಗಲಿಲ್ಲ, ನಾನು —

ಭೀಮಪ್ಪ ಬಾಗಿಲಲ್ಲಿ. "ಬರ್ರಿ ಅಕ್ಕಾರ, ಇನ್ನೊಬ್ರು ಎದ್ದು ನಿಂತಾರ." ವ್ಯಾನ್ ಕೀಲಿ ಯಾರ ಹತ್ತಿರ ಇದೆಯೋ. ಉಳಿದದ್ದು ಆಮೇಲೆ.